ಬೆಳಗಿನ ಪಾಳಿ

ನಮ್ಮದು ಬೆಳಗಿನ ಪಾಳಿ, ಹುಡುಗರದು ಮಧ್ಯಾಹ್ನ.
ಒಂದೇ ಕಟ್ಟಡ, ಒಂದೇ ಬೆಂಚು, ಒಂದೇ ನೀರಿನ ಕೂಲರು.
ನಾವು ಬಿಟ್ಟೆದ್ದ ಬಿಸಿಯ ಮೇಲೆ ಅವರು ಕೂರುತ್ತಿದ್ದರು
ಹನ್ನೆರಡು ವರ್ಷ, ಮುಖ ನೋಡದೆ.

ಐದು ನಲವತ್ತಕ್ಕೆ ಅಲ್ ನಹ್ದಾದ ತಿರುವಿನಲ್ಲಿ ಬಸ್ಸು.
ಗುಲ್ ರೆಹಮಾನ್ ಚಾಚಾ ಹಾರ್ನ್ ಹೊಡೆಯುವುದು ಎರಡೇ ಸಲ,
ಮೂರನೆಯದು ಕೇಳಿದರೆ ಅದು ಪೂರ್ವಾಳ ಬಿಲ್ಡಿಂಗು.
ಅರ್ಧ ಜಡೆ ಮನೆಯಲ್ಲಿ, ಇನ್ನರ್ಧ
ಲವೀನಾ ಕ್ರಾಸ್ತಾಳ ಕೈಯಲ್ಲಿ, ರೌಂಡಬೌಟು ಸುತ್ತುವಾಗ.
ಹಿಂದಿನ ಸೀಟಿನಲ್ಲಿ ಯಾರೋ ಇವತ್ತಿನ ಕೆಮಿಸ್ಟ್ರಿಯನ್ನು
ಜಪದ ಹಾಗೆ ಹೇಳಿಕೊಳ್ಳುತ್ತಿದ್ದಾರೆ, ಕಣ್ಣು ಮುಚ್ಚಿ.

ಇವತ್ತು ಗ್ರೂಪ್ ಫೋಟೋ.
ಫೋಟೋಗ್ರಾಫರ್ ಬೆರಳಲ್ಲೇ ಎಣಿಸಿ
'ಹತ್ತೊಂಬತ್ತಾ? ಎರಡು ಸಾಲು ಸಾಕು' ಅಂದ.
ಬೀನಾ ಮಿಸ್ ಮೂರು ಸಾಲಿಗೆ ಬೆಂಚು ಹಾಕಿಸಿದ್ದರು.
ಮೂರನೆಯದನ್ನು ತೆಗೆಯಿರಿ ಅಂತ
ಯಾರೂ ಹೇಳಲಿಲ್ಲ.

ನನ್ನ ಹೆಸರು ವಿಶಾಖಾ. ಎಬಿಸಿಡಿಯ ಬಾಲ.
ಎಂದಿಗೂ ಕೊನೆಯ ರೋಲ್ ನಂಬರು.
ಒಂದನೇ ಕ್ಲಾಸಿನಲ್ಲಿ ಮೂವತ್ತೊಂದು.
ಆಮೇಲೆ ಏನೂ ಮಾಡದೆ ಮುಂದೆ ಮುಂದೆ ಬಂದೆ:
ಆಯಿಶತ್ ಶಿಫಾನಾಳ ಅಪ್ಪನ ಅಂಗಡಿ ಮುಚ್ಚಿ ಮೂವತ್ತು,
ಜಿಸ್ಮೋಳ್ ಅಮ್ಮನ ನರ್ಸ್ ಕೆಲಸ ಐರ್ಲೆಂಡಿಗೆ ಹಾರಿ ಇಪ್ಪತ್ತೊಂಬತ್ತು.
ಕರೋನಾ ವರ್ಷ ಒಂದೇ ಏಟಿಗೆ ಇಪ್ಪತ್ತೆರಡು;
ಸ್ಕ್ರೀನಿನ ಚೌಕಗಳು ಒಂದೊಂದೇ ಕಪ್ಪಾದಾಗ
ನೆಟ್ ಹೋಯಿತೇನೋ ಅಂದುಕೊಂಡೆವು.
ಜೂನ್‌ನಲ್ಲಿ ಹಾಜರಿ ಕರೆದಾಗ ನನ್ನ ಹೊಸ ನಂಬರಿಗೆ
ಹಳೆ ಯಾರದೋ ದನಿ ನಿರೀಕ್ಷಿಸಿ ಸುಮ್ಮನಿದ್ದೆ.
ಆಬ್ಸೆಂಟ್ ಬಿತ್ತು.

ಮಳೆ ಬಂದರೆ ಸ್ಕೂಲಿಗೆ ರಜೆ.
ಪಾರ್ಕಿಂಗಿನಲ್ಲಿ ಮೊಣಕಾಲು ನೀರು,
ಕಾರುಗಳೆಲ್ಲ ಎಮ್ಮೆಗಳಂತೆ ಅಲ್ಲಲ್ಲೇ ನಿಂತು,
ನಾವು ಕರಕ್ ಚಹಾ ಹೀರುತ್ತ ಕೆಫೆಟೇರಿಯಾದ ಮೆಟ್ಟಿಲ ಮೇಲೆ.
ಪರೋಟಾದೊಳಗೆ ಪುಡಿ ಮಾಡಿದ ಚಿಪ್ಸು,
ಒಂದೇ ರೋಲು, ಐದು ಬಾಯಿ.
ಈ ಪದ್ಯದಲ್ಲಿ ಇದಕ್ಕಿಂತ ದೊಡ್ಡ ಸುಖ ಇಲ್ಲ, ಹುಡುಕಬೇಡಿ.

ಕನ್ನಡ ಟೈಮ್‌ಟೇಬಲ್ಲಿನಲ್ಲಿ ಇರಲಿಲ್ಲ.
ಶುಕ್ರವಾರ ಮಧ್ಯಾಹ್ನ, ಸಾಮಾನಿನ ಬಿಲ್ಲುಗಳ ಬೆನ್ನ ಮೇಲೆ
ಅಮ್ಮ ತಿದ್ದಿಸಿದ್ದು ಇಷ್ಟು.
ಅರಬ್ಬಿ ಓದಲು ಬರುತ್ತದೆ, ಅರ್ಥವಾಗುವುದಿಲ್ಲ.
ತುಳು ಅರ್ಥವಾಗುತ್ತದೆ, ಓದಲು ಏನೂ ಸಿಗಲಿಲ್ಲ.
ಕನ್ನಡ, ನೋಡಿ, ಹೀಗೆ.
ಒತ್ತಕ್ಷರದ ಮೆಟ್ಟಿಲಲ್ಲಿ ಇನ್ನೂ ಕೈಹಿಡಿ ಬೇಕು.

ಬೋರ್ಡ್ ಪರೀಕ್ಷೆಯ ಫಾರ್ಮಿನಲ್ಲಿ 'ಖಾಯಂ ವಿಳಾಸ'.
ಹತ್ತೊಂಬತ್ತು ಪೆನ್ನು ಒಟ್ಟಿಗೆ ನಿಂತವು.
ಇಲ್ಲಿ ನಮಗಿರುವುದು ಅಪ್ಪನ ಕಂಪನಿಯ ಪೋಸ್ಟ್ ಬಾಕ್ಸು;
ಅಪ್ಪ ಕಂಪನಿಯಲ್ಲಿ ಇರುವವರೆಗೆ.
ತಹ್ಸೀನ್ ಸ್ಕೂಲಿನ ವಿಳಾಸವನ್ನೇ ಬರೆದಳು.
ಬೀನಾ ಮಿಸ್ ವೈಟ್ನರ್ ಹುಡುಕಿದರು,
ಸಿಕ್ಕ ಮೇಲೂ ಸ್ವಲ್ಪ ಹೊತ್ತು
ಸುಮ್ಮನೆ ಕುಲುಕುತ್ತ ಕೂತರು.

ಹೇಳದೆ ಉಳಿಸಿಕೊಂಡ ಒಂದು ಮಾತು.
ನನ್ನ ಡೆಸ್ಕಿನ ಮೂಲೆಯಲ್ಲಿ ಮಧ್ಯಾಹ್ನದ ಯಾರೋ
ಪೆನ್ಸಿಲ್ಲಿನಲ್ಲಿ ಲೆಕ್ಕ ಬಿಡಿಸುತ್ತಿದ್ದ.
ಒಮ್ಮೆ ಮೈನಸ್ ತಿದ್ದಿದೆ. ಮಾರನೆಯ ದಿನ 'ಥ್ಯಾಂಕ್ಸ್ ಮೇಡಂ'.
ಹನ್ನೊಂದನೇ ಕ್ಲಾಸು ಪೂರ್ತಿ ಹೀಗೆ:
ಅವನ ತಪ್ಪು, ನನ್ನ ರಬ್ಬರು;
ನನ್ನ ತಪ್ಪಿಗೆ ಅವನ ನಗುವ ಮುಖದ ಗೀಚು.
ನವೆಂಬರಿನಿಂದ ಡೆಸ್ಕು ಶುಭ್ರ.
ಬೇಕೆಂದೇ ತಪ್ಪು ಬರೆದಿಟ್ಟು ನೋಡಿದೆ ನಾಲ್ಕು ದಿನ.
ಅತ್ತ ಕಡೆಯೂ ಯಾರೋ ಒಬ್ಬ
ಒಂದು ನಂಬರು ಮುಂದೆ ಬಂದಿರಬೇಕು.

ಗಂಟೆ ಹನ್ನೆರಡು. ಗೇಟಿನಲ್ಲಿ ಹುಡುಗರ ಬಸ್ಸುಗಳ ಧೂಳು.
ಬಿಳಿ ಶರ್ಟಿನ ಮೇಲೆಲ್ಲ ಹೆಸರು ಬರೆಸಿಕೊಂಡು
ಬೆನ್ನಲ್ಲಿ ಜಾಗ ಸಾಲದೆ ತೋಳಿಗೆ ಇಳಿದಿದ್ದೇವೆ.
ಪೂರ್ವಾ ಅಳಲಿಲ್ಲ, ನಿದ್ದೆ ಹೋದಳು, ಎಂದಿನಂತೆ.

ನಾನಿಳಿದೆ. ಲಿಫ್ಟಿನ ಬಟನ್ ಒತ್ತಿದ ಮೇಲೆ
ಕೆಳಗೆ ಹಾರ್ನ್. ಒಂದು. ಎರಡು.
ಚಾಚಾ, ನಾನು ಆಗಲೇ ಇಳಿದಾಯಿತಲ್ಲ.
ಮೂರು.